ಸಣ್ಣ ಹಿಂಡಿನಲ್ಲಿ ಹೆಚ್ಚಾದ ಹುಂಜಗಳು: ಯಾವುದನ್ನು ಉಳಿಸಿಕೊಳ್ಳುವುದು, ಉಳಿದವನ್ನು ಏನು ಮಾಡುವುದು

ಕಾವಿಗೆ ಇಟ್ಟ 12 ಮೊಟ್ಟೆಗಳಲ್ಲಿ 10 ಮರಿಯಾದರೆ ಅವುಗಳಲ್ಲಿ ಸರಾಸರಿ 5 ಹುಂಜಗಳೇ ಆಗಿರುತ್ತವೆ. ಕೆಲವು ಸಲ ಏಳೋ ಎಂಟೋ ಆಗುವುದೂ ಉಂಟು. ಹತ್ತು ಹನ್ನೆರಡು ಹೇಂಟೆಗಳಿರುವ ಹಿಂಡಿಗೆ ಬೇಕಾಗುವುದು ಒಂದು ಹುಂಜ, ಬರೀ ಮೊಟ್ಟೆ ಸಾಕೆನ್ನುವವರಿಗೆ ಅದೂ ಬೇಕಿಲ್ಲ. ಈ ಲೆಕ್ಕ ಮರಿ ಮಾಡಿಸುವ ಮೊದಲೇ ಗೊತ್ತಿರುವಂಥದ್ದಾದರೂ, ಮರಿಗಳು ಬೆಳೆದು ಕೂಗಲು, ಕಾದಾಡಲು, ಹೇಂಟೆಗಳನ್ನು ಅಟ್ಟಾಡಿಸಲು ತೊಡಗುವವರೆಗೂ ಹೆಚ್ಚಿನವರು ತೀರ್ಮಾನವನ್ನು ಮುಂದೂಡುತ್ತಾರೆ. ಹಾಗೆ ಮುಂದೂಡಿದ ಪ್ರತಿಯೊಂದು ವಾರವನ್ನೂ ಮೈಮೇಲೆ ಅನುಭವಿಸುವುದು ಹೇಂಟೆಗಳು ಮತ್ತು ಮೂಲೆಗೆ ಒತ್ತರಿಸಲ್ಪಟ್ಟ ಕೆಳದರ್ಜೆಯ ಹುಂಜಗಳು. ಆದ್ದರಿಂದ ಮರಿಗಳಿಗೆ ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಯಾವುದು ಉಳಿಯಬೇಕು, ಯಾವುದು ಎಲ್ಲಿಗೆ ಹೋಗಬೇಕು ಎಂಬುದು ನಿರ್ಧಾರವಾಗಿರಬೇಕು. ಆ ನಿರ್ಧಾರವನ್ನು ಹೇಗೆ ಮಾಡುವುದೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಎಷ್ಟು ಹುಂಜ ಬೇಕು

ಹೇಂಟೆ ಮೊಟ್ಟೆಯಿಡುವುದಕ್ಕೆ ಹುಂಜದ ಅಗತ್ಯವಿಲ್ಲ. ಹುಂಜವಿಲ್ಲದ ಹಿಂಡಿನಲ್ಲಿಯೂ ಅಷ್ಟೇ ಮೊಟ್ಟೆ ಸಿಗುತ್ತವೆ, ಅವುಗಳಿಂದ ಮರಿಯಾಗುವುದಿಲ್ಲ ಅಷ್ಟೆ. ಮರಿ ಮಾಡಿಸಬೇಕೆನ್ನುವವರು ಹಗುರ ಮೈಯ ತಳಿಗಳಲ್ಲಿ 10ರಿಂದ 12 ಹೇಂಟೆಗಳಿಗೆ ಒಂದು, ದಪ್ಪ ಮೈಯ ತಳಿಗಳಲ್ಲಿ 8ರಿಂದ 10 ಹೇಂಟೆಗಳಿಗೆ ಒಂದು ಎಂಬ ಲೆಕ್ಕವನ್ನು ಇಟ್ಟುಕೊಳ್ಳಬಹುದು. ಮರಿ ಬೇಡವಾದರೂ ಹುಂಜವನ್ನು ಇಟ್ಟುಕೊಳ್ಳಲು ಒಂದು ಒಳ್ಳೆಯ ಕಾರಣವಿದೆ, ಅದು ಕಾವಲು. ಆಕಾಶದಲ್ಲಿ ಹದ್ದು ಕಂಡಾಗ ಹುಂಜ ಹಾಕುವ ಕೂಗೇ ಬೇರೆ, ನೆಲದ ಮೇಲೆ ನಾಯಿಯೋ ಬೆಕ್ಕೋ ಬಂದಾಗ ಹಾಕುವ ಕೂಗೇ ಬೇರೆ. ಮೊದಲನೆಯದನ್ನು ಕೇಳಿದ ಹೇಂಟೆಗಳು ಪೊದೆಯಡಿಗೆ ನುಸುಳುತ್ತವೆ, ಎರಡನೆಯದನ್ನು ಕೇಳಿದರೆ ಕತ್ತು ಎತ್ತಿ ನೆಟ್ಟಗೆ ನಿಂತು ಸುತ್ತ ನೋಡುತ್ತವೆ. ಬಯಲಿನಲ್ಲಿ ಮೇಯುವ ಹಿಂಡಿಗೆ ಇದು ನಿಜವಾದ ಉಪಕಾರ.

ಎರಡನೆಯ ಹುಂಜವನ್ನು ಮೀಸಲಾಗಿ ಇಟ್ಟುಕೊಳ್ಳುವ ಯೋಚನೆ ತಪ್ಪಲ್ಲ. ವಿಶೇಷ ತಳಿಯೊಂದನ್ನು ಕಾಪಾಡಿಕೊಂಡು ಬರುತ್ತಿರುವವರಿಗೆ ಅದು ಅಗತ್ಯವೇ ಹೌದು, ಏಕೆಂದರೆ ಇರುವ ಒಂದು ಹುಂಜ ಸತ್ತರೆ ಆ ಸಾಲು ಅಲ್ಲಿಗೇ ನಿಲ್ಲುತ್ತದೆ. ಆದರೆ ಹೇಂಟೆಗಳು 15ಕ್ಕಿಂತ ಕಡಿಮೆಯಿದ್ದರೆ ಮೀಸಲು ಹುಂಜಕ್ಕೆ ಬೇರೆ ಜಾಗ ಇರಲೇಬೇಕು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಮುದ್ದಾಗಿದೆ ಎಂಬುದನ್ನು ಬಿಟ್ಟರೆ ಬೇರೆ ಕಾರಣ ಸಿಗುವುದು ಕಷ್ಟ.

ಖರ್ಚಿನ ಲೆಕ್ಕವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬೆಳೆದ ಹುಂಜವೊಂದು ದಿನಕ್ಕೆ ಸುಮಾರು 120 ಗ್ರಾಂ ಆಹಾರ ತಿನ್ನುತ್ತದೆಂದು ಹಿಡಿದರೆ 5 ಹುಂಜಗಳಿಗೆ ತಿಂಗಳಿಗೆ 18 ಕಿಲೋ ಬೇಕು, ಮತ್ತು ಚೆನ್ನಾಗಿ ನೋಡಿಕೊಂಡ ಹುಂಜ 5ರಿಂದ 8 ವರ್ಷ ಬದುಕುತ್ತದೆ.

ಹುಂಜವನ್ನು ಬೇಗ ಗುರುತಿಸುವುದು

ಬಹಳಷ್ಟು ತಳಿಗಳಲ್ಲಿ 6ರಿಂದ 8 ವಾರದ ಹೊತ್ತಿಗೆ ಗಂಡುಮರಿಯ ಜುಟ್ಟು ದೊಡ್ಡದಾಗಿ ಕೆಂಪೇರುತ್ತದೆ, ಅದೇ ವಯಸ್ಸಿನ ಹೆಣ್ಣುಮರಿಯ ಜುಟ್ಟು ಇನ್ನೂ ಸಣ್ಣದಾಗಿ ತಿಳಿಹಳದಿ ಅಥವಾ ನಸುಗೆಂಪಾಗಿ ಇರುತ್ತದೆ. ಗಂಡಿನ ಕಾಲುಗಳೂ ದಪ್ಪ. ಇವೆಲ್ಲ ಊಹೆಗೆ ಸಹಾಯ ಮಾಡುತ್ತವೆಯಾದರೂ ಖಚಿತವಾಗುವುದು ಮೂರು ತಿಂಗಳು ದಾಟಿದ ಮೇಲೆ, ಗರಿಗಳಿಂದ. ಮರಿಯನ್ನು ಕೈಗೆತ್ತಿಕೊಂಡು ಬಾಲದ ಬುಡದ ಎರಡೂ ಪಕ್ಕಗಳಲ್ಲಿ ಸೊಂಟದ ಮೇಲಿನಿಂದ ಇಳಿಬಿದ್ದಿರುವ ಗರಿಗಳನ್ನು ಬೆರಳಿನಿಂದ ಬಿಡಿಸಿ ನೋಡಬೇಕು: ತುದಿ ಉದ್ದವಾಗಿ, ಮೊನಚಾಗಿ, ಹೊಳಪಿನಿಂದ ಕೂಡಿದ್ದರೆ ಹುಂಜ, ದುಂಡಾಗಿದ್ದರೆ ಹೇಂಟೆ. ಸೀಬ್ರೈಟ್ ತಳಿಯಲ್ಲಿ ಹುಂಜಕ್ಕೂ ಹೇಂಟೆಯಂಥ ದುಂಡು ಗರಿಗಳೇ ಇರುವುದರಿಂದ ಈ ಪರೀಕ್ಷೆ ಅಲ್ಲಿ ನಡೆಯುವುದಿಲ್ಲ. ಕೂಗುವವರೆಗೆ ಕಾಯುತ್ತೇನೆ ಎನ್ನುವುದೂ ಸರಿಯಾಗದು, ಏಕೆಂದರೆ ಕೆಲವು 8 ವಾರಕ್ಕೇ ಕೂಗಿದರೆ ಕೆಲವು 5 ತಿಂಗಳವರೆಗೂ ಸುಮ್ಮನಿರುತ್ತವೆ. ಗುರುತಾದ ಕೂಡಲೇ ಒಂದೊಂದರ ಕಾಲಿಗೂ ಒಂದೊಂದು ಬಣ್ಣದ ಉಂಗುರ ಹಾಕಿ, ಮುಂದೆ ನೋಡಿದ್ದನ್ನೆಲ್ಲ ಆ ಬಣ್ಣದ ಹೆಸರಿನಲ್ಲಿ ಬರೆದಿಡುವುದು ಒಳ್ಳೆಯದು. ಬೆಳೆಯುವ ಹಕ್ಕಿಯ ಕಾಲು ದಪ್ಪವಾಗುತ್ತ ಹೋಗುವುದರಿಂದ ಉಂಗುರವನ್ನು ಆಗಾಗ ಸಡಿಲಿಸಬೇಕು.

ಹೇಂಟೆಯ ಮೈಯೇ ಹೇಳುತ್ತದೆ

ಹುಂಜಗಳು ಹೆಚ್ಚಾಗಿವೆಯೇ ಎಂಬ ಪ್ರಶ್ನೆಗೆ ಲೆಕ್ಕಕ್ಕಿಂತ ನಂಬಲರ್ಹವಾದ ಉತ್ತರ ಹೇಂಟೆಗಳ ಮೈಯಲ್ಲಿ ಸಿಗುತ್ತದೆ. ಕತ್ತಲಾದ ಮೇಲೆ ಗೂಡಿನಲ್ಲಿ ಕುಳಿತ ಹೇಂಟೆಯನ್ನು ಸಣ್ಣ ಬೆಳಕಿನಲ್ಲಿ ಮೆಲ್ಲಗೆ ಎತ್ತಿಕೊಂಡು, ಬೆನ್ನಿನ ಮೇಲೆ ಕತ್ತಿನ ಕಡೆಯಿಂದ ಬಾಲದ ಕಡೆಗೆ ಕೈಯಾಡಿಸಬೇಕು. ಗರಿಗಳು ನುಣುಪಾಗಿ ಕೈಗೆ ಸಿಗಬೇಕಾದ ಜಾಗದಲ್ಲಿ ಮುರಿದ ಗರಿಬುಡಗಳು ಒರಟಾಗಿ ಚುಚ್ಚಿದರೆ ಅಥವಾ ಬರೀ ಚರ್ಮವೇ ತಗುಲಿದರೆ ಆ ಹೇಂಟೆಯನ್ನು ಹುಂಜಗಳು ಅತಿಯಾಗಿ ಮೆಟ್ಟುತ್ತಿವೆ, ಅಂದರೆ ಕೂಡಲು ಬೆನ್ನೇರುತ್ತಿವೆ ಎಂದು ಅರ್ಥ. ನೆತ್ತಿಯ ಹಿಂಭಾಗವನ್ನೂ ನೋಡಬೇಕು. ಹುಂಜ ಕೊಕ್ಕಿನಿಂದ ಕಚ್ಚಿ ಹಿಡಿದುಕೊಳ್ಳುವುದು ಅಲ್ಲಿಯೇ. ಎಲ್ಲಕ್ಕಿಂತ ಮುಖ್ಯವಾಗಿ ಎರಡೂ ರೆಕ್ಕೆಗಳನ್ನು ಎತ್ತಿ ಪಕ್ಕೆಗಳನ್ನು ಪರೀಕ್ಷಿಸಬೇಕು, ಏಕೆಂದರೆ ಹುಂಜದ ಉಗುರಿನಿಂದಾದ ಸೀಳುಗಾಯಗಳು ರೆಕ್ಕೆಯಡಿ ಮುಚ್ಚಿಹೋಗಿದ್ದು ಹಗಲಿನಲ್ಲಿ ಎಷ್ಟು ಹತ್ತಿರದಿಂದ ನೋಡಿದರೂ ಕಾಣುವುದಿಲ್ಲ.

ನಡವಳಿಕೆಯಲ್ಲಿಯೂ ಸೂಚನೆಗಳಿವೆ. ಬೆಳಗ್ಗೆ ಗೂಡಿನ ಬಾಗಿಲು ತೆರೆದಾಗ ಎಳೆಯ ಹುಂಜಗಳು ಮೊದಲು ಹೊರಬಂದು ಬಾಗಿಲ ಬಳಿಯೇ ಕಾದು ನಿಂತು, ಹೊರಬರುವ ಒಂದೊಂದು ಹೇಂಟೆಯ ಮೇಲೂ ಎರಗುತ್ತವೆ. ಕೆಲವೇ ದಿನಗಳಲ್ಲಿ ಹೇಂಟೆಗಳು ಹೊರಬರುವುದನ್ನೇ ಬಿಟ್ಟು ಹಗಲೆಲ್ಲ ಎತ್ತರದ ಅಡ್ಡೆಯ ಮೇಲೆ ಕುಳಿತಿರುತ್ತವೆ, ನೀರಿಗೂ ಕಾಳಿಗೂ ಇಳಿಯುವುದಿಲ್ಲ, ಮೊಟ್ಟೆ ಕಡಿಮೆಯಾಗುತ್ತದೆ. ಹುಂಜಗಳು ಸಾಮಾನ್ಯವಾಗಿ ಒಂದೆರಡು ಹೇಂಟೆಗಳನ್ನೇ ಮತ್ತೆ ಮತ್ತೆ ಆರಿಸಿಕೊಳ್ಳುವುದರಿಂದ ಹಿಂಡು ಒಟ್ಟಾರೆ ಚೆನ್ನಾಗಿ ಕಂಡರೂ ಆ ಒಂದೆರಡರ ಸ್ಥಿತಿ ಕೆಟ್ಟಿರಬಹುದು. ಬೆನ್ನಿಗೆ ಕಟ್ಟುವ ಬಟ್ಟೆಯ ಹೊದಿಕೆಗಳು ಗಾಯವನ್ನು ತಡೆಯುತ್ತವೆ, ಕಾರಣವನ್ನು ತೆಗೆಯುವುದಿಲ್ಲ. ಇಂಥ ಗಾಯ ಕಂಡ ದಿನವೇ ಹುಂಜಗಳನ್ನು ಬೇರ್ಪಡಿಸಬೇಕು; ಅವು ಮುಂದೆ ಎಲ್ಲಿಗೆ ಹೋಗಬೇಕೆಂಬುದನ್ನು ಆಮೇಲೆ ಯೋಚಿಸಬಹುದು.

ಉಳಿಸಿಕೊಳ್ಳಬೇಕಾದ ಹುಂಜ

ನೋಡಲು ಚೆಂದವಿರುವುದನ್ನು ಅಥವಾ ಎಲ್ಲಕ್ಕಿಂತ ದೊಡ್ಡದನ್ನು ಉಳಿಸಿಕೊಳ್ಳುವ ಆಸೆ ಸಹಜ. ನನ್ನ ಮಟ್ಟಿಗೆ ಗುಣ ಮೊದಲು, ಮೈಕಟ್ಟು ಆಮೇಲೆ, ಬಣ್ಣ ಕೊನೆಗೆ. ಗುಣವನ್ನು ತಿಳಿಯಲು ಒಂದು ಹಿಡಿ ಕಾಳು ಸಾಕು. ಕಾಳನ್ನು ನೆಲಕ್ಕೆ ಎರಚಿ ದೂರ ನಿಂತು ನೋಡಿದರೆ, ಒಳ್ಳೆಯ ಹುಂಜ ಕಾಳನ್ನು ಕೊಕ್ಕಿನಲ್ಲಿ ಎತ್ತಿ ಕೆಳಗೆ ಹಾಕಿ, ಮತ್ತೆ ಎತ್ತಿ ಮತ್ತೆ ಹಾಕಿ, ತಲೆಯನ್ನು ಮೇಲೆ ಕೆಳಗೆ ಆಡಿಸುತ್ತ ಸಣ್ಣ ದನಿಯಲ್ಲಿ ಬೇಗಬೇಗ ಟುಕ್‌ಟುಕ್ ಎಂದು ಕರೆಯುತ್ತದೆ. ಹೇಂಟೆಗಳು ಓಡಿಬಂದು ಅದರ ಕಾಲಬುಡದಲ್ಲೇ ತಿನ್ನುವಾಗ ತಾನು ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಒಳ್ಳೆಯದಲ್ಲದ್ದು ಹೇಂಟೆಗಳನ್ನು ಕುಟುಕಿ ಓಡಿಸಿ ತಾನೇ ತಿನ್ನುತ್ತದೆ, ಇಲ್ಲವೇ ತಿನ್ನುತ್ತಿರುವ ಹೇಂಟೆಯ ಮೇಲೆ ಹಿಂದಿನಿಂದ ಎರಗುತ್ತದೆ. ಮೆಟ್ಟುವ ಮೊದಲು ಒಂದು ರೆಕ್ಕೆಯನ್ನು ನೆಲಕ್ಕೆ ತಾಗುವಂತೆ ಇಳಿಸಿ ಹೇಂಟೆಯ ಸುತ್ತ ಅಡ್ಡಹೆಜ್ಜೆ ಹಾಕುವ ಹುಂಜಕ್ಕೆ ಹೇಂಟೆ ತಾನಾಗಿಯೇ ಬಗ್ಗಿ ಕೂರುತ್ತದೆ, ಗರಿ ಮುರಿಯುವುದೂ ಕಡಿಮೆ.

ನಾಲ್ಕೈದು ತಿಂಗಳ ಎಳೆಯ ಹುಂಜಗಳಲ್ಲಿ ಈ ನಯ ಇನ್ನೂ ಬಂದಿರುವುದಿಲ್ಲ, ಹಲವು ಹುಂಜಗಳು ವರ್ಷ ತುಂಬುವ ಹೊತ್ತಿಗೆ ತಗ್ಗುತ್ತವೆ. ಹಾಗಾಗಿ ಒಂದು ದಿನದ ಒರಟುತನವನ್ನು ನೋಡಿ ತೀರ್ಪು ಕೊಡದೆ ಎರಡು ಮೂರು ವಾರ ಗಮನಿಸುವುದು ನ್ಯಾಯ. ಮನುಷ್ಯರ ಮೇಲೆ ಎರಗುವ ಸ್ವಭಾವಕ್ಕೆ ಮಾತ್ರ ಈ ರಿಯಾಯಿತಿ ಸಲ್ಲದು. ಬೆಳೆದ ಹುಂಜದ ಕಾಲಿನ ಮುಳ್ಳು ಚಿಕ್ಕ ಮಗುವಿನ ಮುಖದ ಎತ್ತರಕ್ಕೆ ಸಲೀಸಾಗಿ ತಲುಪುತ್ತದೆ, ಕಣ್ಣಿಗೆ ಬಿದ್ದ ಪೆಟ್ಟು ಸರಿಹೋಗುವಂಥದ್ದಲ್ಲ. ಅದೂ ಅಲ್ಲದೆ ಸ್ವಭಾವ ಸ್ವಲ್ಪಮಟ್ಟಿಗೆ ವಂಶದಲ್ಲಿ ಇಳಿದು ಬರುವಂಥದ್ದು. ಕಾಲಿಗೆ ಎರಗುವ ಹುಂಜದಿಂದ ಮರಿ ಮಾಡಿಸಿದರೆ ಮುಂದಿನ ವರ್ಷ ಇದೇ ಸಮಸ್ಯೆಯನ್ನು ಮತ್ತೆ ಎದುರಿಸಬೇಕಾಗುತ್ತದೆ.

ಗುಣ ಒಪ್ಪಿಗೆಯಾದ ಎರಡು ಮೂರು ಹುಂಜಗಳನ್ನು ಕೈಗೆತ್ತಿಕೊಂಡು ಮೈಕಟ್ಟು ನೋಡಬೇಕು. ಎದೆಮೂಳೆ ನೇರವಾಗಿರಬೇಕು, ಬೆರಳುಗಳು ಸೊಟ್ಟಗಿರಬಾರದು, ಮೇಲಿನ ಕೊಕ್ಕು ಕೆಳಗಿನದರ ಮೇಲೆ ಸರಿಯಾಗಿ ಕೂರಬೇಕು, ಕಣ್ಣು ಸ್ವಚ್ಛವಾಗಿರಬೇಕು, ಉಸಿರಾಟದಲ್ಲಿ ಗೊರಗೊರ ಸದ್ದು ಇರಬಾರದು. ಹೇಂಟೆಗಳು ಹಗುರ ಮೈಯವಾದರೆ ತೀರಾ ಭಾರದ ಹುಂಜ ಬೇಡ. ಉಳಿಸಿಕೊಳ್ಳಲಿರುವ ಹುಂಜ ಹಿಂಡಿನ ಹೇಂಟೆಗಳ ಒಡಹುಟ್ಟಾಗಿದ್ದರೆ, ಬೇರೆ ಸಾಕಣೆದಾರರೊಬ್ಬರ ಅಷ್ಟೇ ಒಳ್ಳೆಯ ಹುಂಜದೊಂದಿಗೆ ಬದಲಾಯಿಸಿಕೊಳ್ಳುವುದು ಇಬ್ಬರಿಗೂ ಅನುಕೂಲ. ಹೊಸದಾಗಿ ಬಂದದ್ದನ್ನು 30 ದಿನ ಪ್ರತ್ಯೇಕವಾಗಿಟ್ಟು ರೋಗವಿಲ್ಲವೆಂದು ಖಚಿತಪಡಿಸಿಕೊಂಡು ಹಿಂಡಿಗೆ ಸೇರಿಸಬೇಕು.

ಇನ್ನೊಬ್ಬರಿಗೆ ಕೊಡುವುದು

ಹುಂಜ ಬೇಕೆನ್ನುವವರಿಗಿಂತ ಹುಂಜ ಹೆಚ್ಚಾಗಿದೆ ಎನ್ನುವವರೇ ಎಲ್ಲ ಕಡೆ ಹೆಚ್ಚಿರುವುದರಿಂದ ಈ ದಾರಿಯ ಮೇಲೆ ಹೆಚ್ಚು ಭರವಸೆಯಿಡಬಾರದು. ತಳಿಗೆ ಬೇಕೇ, ಸಾಕಲು ಬೇಕೇ, ಮಾಂಸಕ್ಕೆ ಬೇಕೇ ಎಂದು ಬಾಯಿಬಿಟ್ಟು ಕೇಳಬೇಕು. ಮಾಂಸಕ್ಕೆ ಹೋಗುವುದು ನಿಮಗೆ ಒಪ್ಪಿಗೆಯಿಲ್ಲವಾದರೆ ಮೊದಲೇ ಹೇಳಬೇಕು, ಆದರೆ ಕೊಟ್ಟ ಮೇಲೆ ಆ ಷರತ್ತು ನಿಮ್ಮ ಕೈಯಲ್ಲಿರುವುದಿಲ್ಲ ಎಂಬುದನ್ನು ತಿಳಿದೇ ಕೊಡಬೇಕು. ಅನೇಕ ದೇಶಗಳಲ್ಲಿ ಕಾನೂನು ನಿಷೇಧಿಸಿರುವ ಕೋಳಿ ಕಾಳಗಕ್ಕೆ ಹುಂಜ ಹುಡುಕುವವರು, ಅದರಲ್ಲೂ ಸಿಡುಕು ಸ್ವಭಾವದ ಹುಂಜವನ್ನೇ ವಿಚಾರಿಸುವವರು ಬಂದರೆ ಕೊಡಬಾರದು. ಮನುಷ್ಯರ ಮೇಲೆ ಎರಗುವ ಹುಂಜವನ್ನು ಆ ವಿಷಯ ಮುಚ್ಚಿಟ್ಟು ಮಕ್ಕಳಿರುವ ಮನೆಗೆ ಕಳುಹಿಸುವುದು ಅಪರಾಧವೆಂದೇ ನಾನು ಭಾವಿಸುತ್ತೇನೆ. ಹಾಕಿಸಿದ ಲಸಿಕೆ, ಕೊಟ್ಟ ಔಷಧ, ಹುಟ್ಟಿದ ತಿಂಗಳು ಇವನ್ನು ಬರೆದು ಜೊತೆಗೆ ಕೊಡಬೇಕು.

ಹುಂಜಗಳದ್ದೇ ಒಂದು ಹಿಂಡು

ಕೊಲ್ಲಲು ಮನಸ್ಸಿಲ್ಲ, ಕೊಡಲು ಜನರಿಲ್ಲ ಎನ್ನುವವರಿಗೆ ಹುಂಜಗಳನ್ನಷ್ಟೇ ಒಟ್ಟಿಗೆ ಸಾಕುವ ದಾರಿ ಇದೆ. ಹೇಂಟೆಗಳಿಲ್ಲದ ಕಡೆ ಹುಂಜಗಳು ಬಹುಮಟ್ಟಿಗೆ ಶಾಂತವಾಗಿರುತ್ತವೆ ಎಂಬುದು ಸಾಕಿದವರ ಸಾಮಾನ್ಯ ಅನುಭವ. ಇದು ನಡೆಯಬೇಕಾದರೆ ಒಂದೇ ಕಾವಿನಲ್ಲಿ ಹುಟ್ಟಿ ಒಟ್ಟಿಗೆ ಬೆಳೆದ ಹುಂಜಗಳನ್ನು, ಹೇಂಟೆಗಳನ್ನು ಮೆಟ್ಟಲು ಆರಂಭಿಸುವ ಮೊದಲೇ, ಎಲ್ಲವನ್ನೂ ಒಂದೇ ದಿನ ಹೊಸ ಜಾಗಕ್ಕೆ ಸಾಗಿಸಬೇಕು. ಹೇಂಟೆಗಳು ಬೇಲಿಯ ಆಚೆಯಿಂದಲೂ ಕಣ್ಣಿಗೆ ಬೀಳಬಾರದು. ಬೀಳುವಂತಿದ್ದರೆ ನಡುವೆ ತಟ್ಟಿ ಕಟ್ಟಬೇಕು. ಗೂಡಿನೊಳಗೆ ಒಂದೊಂದಕ್ಕೂ ಕನಿಷ್ಠ 4 ಚದರ ಅಡಿ, ಓಡಾಡುವ ಅಂಗಳದಲ್ಲಿ 10 ಚದರ ಅಡಿಗಿಂತ ಹೆಚ್ಚು ಜಾಗ ಬೇಕು. ಆಹಾರದ ಮತ್ತು ನೀರಿನ ಪಾತ್ರೆಗಳನ್ನು ಒಂದೇ ಕಡೆ ಇಡದೆ ಎರಡು ಮೂರು ಕಡೆ ಇಡಬೇಕು, ಇಲ್ಲವಾದರೆ ಮೇಲಿನ ಹುಂಜ ಪಾತ್ರೆಯ ಬಳಿಯೇ ನಿಂತು ಉಳಿದವನ್ನು ಹಸಿವಿಗೆ ದೂಡುತ್ತದೆ. ಸೋತ ಹುಂಜ ಕಣ್ಣಿಗೆ ಬೀಳದಂತೆ ಮರೆಯಾಗಲು ಹಲಗೆ, ಪೊದೆ, ಪೀಪಾಯಿಗಳಿರಬೇಕು, ಆದರೆ ಹೊಕ್ಕ ಮೇಲೆ ಹೊರಬರಲಾಗದ ಮೂಲೆಗಳಿರಬಾರದು.

ಈ ಹಿಂಡಿನಿಂದ ಒಂದನ್ನು ತೆಗೆದು ಹೇಂಟೆಗಳ ಜೊತೆ ಬಿಟ್ಟು ಕೆಲವು ದಿನಗಳ ನಂತರ ಮರಳಿ ತರುವುದನ್ನು ಎಂದಿಗೂ ಮಾಡಬಾರದು, ಏಕೆಂದರೆ ಮರಳಿ ಬಂದದ್ದನ್ನು ಉಳಿದವು ಅಪರಿಚಿತ ಹುಂಜವೆಂದೇ ಕಾಣುತ್ತವೆ, ಜಗಳ ಸಾವಿನವರೆಗೂ ಹೋಗಬಹುದು. ಆಹಾರದಲ್ಲಿ ಒಂದು ಎಚ್ಚರಿಕೆ ಬೇಕು: ಮೊಟ್ಟೆಯಿಡುವ ಕೋಳಿಗಳ ಲೇಯರ್ ಆಹಾರದಲ್ಲಿ ಸುಮಾರು 3.5ರಿಂದ 4 ಶೇಕಡಾ ಕ್ಯಾಲ್ಸಿಯಂ ಇರುತ್ತದೆ, ಹುಂಜಕ್ಕೆ ಬೇಕಾದದ್ದು 1 ಶೇಕಡಾದಷ್ಟು. ಹೆಚ್ಚಿನದು ಬಹುಕಾಲ ಮೂತ್ರಪಿಂಡಕ್ಕೆ ಹೊರೆಯಾಗುತ್ತದೆ. ಹುಂಜಗಳ ಹಿಂಡಿಗೆ ಗ್ರೋವರ್ ಆಹಾರ (ಬೆಳೆಯುವ ಕೋಳಿಗಳಿಗೆಂದು ಮಾಡಿದ ಆಹಾರ) ಕೊಡಬೇಕು, ಹೇಂಟೆಗಳ ಜೊತೆಗಿರುವ ಹುಂಜಕ್ಕಾಗಿ ಎಲ್ಲಕ್ಕೂ ಗ್ರೋವರ್ ಆಹಾರವನ್ನೇ ಹಾಕಿ ಹೇಂಟೆಗಳಿಗೆ ಚಿಪ್ಪಿನ ಚೂರುಗಳನ್ನು ಬೇರೆ ಪಾತ್ರೆಯಲ್ಲಿ ಇಡಬಹುದು.

ಈ ದಾರಿಯ ದೊಡ್ಡ ತೊಡಕು ಸದ್ದು. ಗೂಡನ್ನು ಕತ್ತಲು ಮಾಡಿದರೆ ಕೂಗು ನಿಲ್ಲುತ್ತದೆಂಬ ನಂಬಿಕೆ ಅರ್ಧ ಮಾತ್ರ ನಿಜ: ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದಂತೆ, ಹಗಲು ರಾತ್ರಿಗಳ ವ್ಯತ್ಯಾಸವಿಲ್ಲದ ಮಂದ ಬೆಳಕಿನಲ್ಲಿ ಇಟ್ಟಾಗಲೂ ಹುಂಜಗಳು ದೇಹದೊಳಗಿನ ಗಡಿಯಾರವನ್ನು ಅನುಸರಿಸಿ ಮುಂಜಾವಿನ ಹೊತ್ತಿಗೆ ಕೂಗುತ್ತವೆ. ಅದೇ ಸಂಶೋಧಕರ 2015ರ ಅಧ್ಯಯನ ಇನ್ನೊಂದು ಸಂಗತಿಯನ್ನು ತೋರಿಸಿತು. ಗುಂಪಿನಲ್ಲಿ ಮೊದಲು ಕೂಗುವುದು ಮೇಲಿನ ಸ್ಥಾನದ ಹುಂಜ, ಉಳಿದವು ಸ್ಥಾನಕ್ಕೆ ತಕ್ಕಂತೆ ಹಿಂದೆ ಕೂಗುತ್ತವೆ, ಮೊದಲನೆಯದನ್ನು ತೆಗೆದರೆ ಎರಡನೆಯದು ಆರಂಭಿಸುತ್ತದೆ. ಹೆಚ್ಚು ಕೂಗುವ ಒಂದನ್ನು ಕಳುಹಿಸಿದರೆ ನೆರೆಹೊರೆಯವರ ದೂರು ನಿಲ್ಲುತ್ತದೆಂದು ಎಣಿಸುವವರು ಇದನ್ನು ಗಮನಿಸಬೇಕು. ಮನೆಗಳು ಒತ್ತೊತ್ತಾಗಿರುವ ಕಡೆ ಹುಂಜಗಳ ಹಿಂಡು ನಡೆಯದು. ಕತ್ತಿಗೆ ಪಟ್ಟಿ ಬಿಗಿದು ಕೂಗು ತಗ್ಗಿಸುವ ಉಪಾಯದಲ್ಲಿ ಉಸಿರುಕಟ್ಟುವ ಅಪಾಯವಿದೆ, ಅದನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಮಾಂಸಕ್ಕೆ ಬಳಸುವುದು

ಮಾಂಸ ತಿನ್ನುವವರ ಮನೆಯಲ್ಲಿ ಇದು ನೇರವಾದ ದಾರಿ, ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಹುಂಜ ಬದುಕಿದ್ದಾಗ ಚೆನ್ನಾಗಿ ಬದುಕಿರಬೇಕು, ಕೊನೆ ಬೇಗ ಮುಗಿಯಬೇಕು. ಎಳೆಯ ಹುಂಜದ ಮಾಂಸ 14ರಿಂದ 18 ವಾರದ ನಡುವೆ ಮೃದುವಾಗಿರುತ್ತದೆ. ಆರು ತಿಂಗಳು ದಾಟಿದ್ದನ್ನು ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸಬೇಕಾಗುತ್ತದೆ, ಆದರೆ ಅದರ ಸಾರಿಗೆ ರುಚಿ ಹೆಚ್ಚು. ಮೊಟ್ಟೆಯ ತಳಿಗಳ ಹುಂಜದಲ್ಲಿ ಬ್ರಾಯ್ಲರ್‌ನಷ್ಟು ಎದೆಮಾಂಸವನ್ನು ನಿರೀಕ್ಷಿಸಬಾರದು. ಯಾವುದೇ ಔಷಧ ಕೊಟ್ಟಿದ್ದರೆ, ಮಾಂಸ ಬಳಸುವ ಮೊದಲು ಎಷ್ಟು ದಿನ ಕಾಯಬೇಕೆಂದು ಅದರ ಪೊಟ್ಟಣದ ಮೇಲೆ ಬರೆದಿರುವಷ್ಟು ದಿನ ಕಾಯಲೇಬೇಕು.

ಮೊದಲ ಸಲ ಮಾಡುವವರು ಓದಿಕೊಂಡು ಒಬ್ಬರೇ ಮಾಡಬಾರದು, ಬಲ್ಲವರ ಪಕ್ಕ ನಿಂತು ಕಲಿಯಬೇಕು. ಕೈ ನಡುಗಿದರೆ ನೋವು ಅನುಭವಿಸುವುದು ಹಕ್ಕಿ. ಹಿಂದಿನ ರಾತ್ರಿ ಗೂಡಿನಿಂದ ಮೆಲ್ಲಗೆ ಎತ್ತಿ ಬೇರೆ ಬುಟ್ಟಿಯಲ್ಲಿಟ್ಟು, 8ರಿಂದ 12 ಗಂಟೆ ಕಾಳು ಕೊಡದೆ ನೀರು ಮಾತ್ರ ಕೊಡಬೇಕು. ಹೊಟ್ಟೆ ಖಾಲಿಯಿದ್ದರೆ ಮಾಂಸ ಮಲಿನವಾಗುವ ಭಯವಿಲ್ಲ. ಬೆಳಗ್ಗೆ ಉಳಿದ ಕೋಳಿಗಳ ಕಣ್ಣಿಗೆ ಬೀಳದ ಕಡೆ, ತಲೆ ಮಾತ್ರ ಕೆಳಗೆ ಹೊರಬರುವ ಆಲಿಕೆಯಾಕಾರದ ತಗಡಿನಲ್ಲಿ ತಲೆಕೆಳಗಾಗಿ ಇಟ್ಟರೆ ರೆಕ್ಕೆ ಬಡಿದುಕೊಂಡು ಮೂಳೆ ಮುರಿಯುವುದು ತಪ್ಪುತ್ತದೆ. ಸಾಧ್ಯವಿರುವ ಕಡೆ ಮೊದಲು ಪ್ರಜ್ಞೆ ತಪ್ಪಿಸಬೇಕು. ಆ ಮೇಲೆ ತುಂಬ ಹರಿತವಾದ ಚಾಕುವಿನಿಂದ ದವಡೆಯ ಕೆಳಗೆ ಕತ್ತಿನ ಎರಡೂ ಬದಿಯ ರಕ್ತನಾಳಗಳನ್ನು ಒಂದೇ ಸಲಕ್ಕೆ ಕತ್ತರಿಸಬೇಕು. ರಕ್ತ ಪೂರ್ತಿ ಸೋರಿ ಚಲನೆ ನಿಂತು, ಕನಿಷ್ಠ ಎರಡು ನಿಮಿಷ ಕಳೆಯುವವರೆಗೆ ಬಿಸಿನೀರಿಗೆ ಹಾಕಬಾರದು. ನೀರು 60ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿಯಿದ್ದರೆ ಒಂದು ನಿಮಿಷದೊಳಗೆ ಪುಕ್ಕ ಸಡಿಲವಾಗುತ್ತದೆ, ಕುದಿಯುವ ನೀರಿನಲ್ಲಿ ಚರ್ಮ ಬೆಂದು ಹರಿಯುತ್ತದೆ. ಶುಚಿ ಮಾಡಿದ ಮಾಂಸವನ್ನು ಬೇಗನೆ ತಣಿಸಿ ಫ್ರಿಜ್‌ನಲ್ಲಿ ಒಂದು ದಿನ ಇಟ್ಟು ಆಮೇಲೆ ಬೇಯಿಸಿದರೆ ಬಿಗಿತ ಇಳಿದು ಮೃದುವಾಗುತ್ತದೆ.

ಮಾಂಸ ಹೆಚ್ಚಲೆಂದು ಎಳೆಯ ಹುಂಜದ ಬೀಜ ತೆಗೆಸುವ ಪದ್ಧತಿಯೊಂದಿದೆ. ಹೊಟ್ಟೆಯ ಪಕ್ಕವನ್ನು ಕೊಯ್ದು ಮಾಡುವ ಈ ಶಸ್ತ್ರಕ್ರಿಯೆ ಬಹಳ ನೋವಿನದು, ಬ್ರಿಟನ್ನಿನಲ್ಲಿ ನಿಷೇಧವಾಗಿರುವಂಥದ್ದು, ಮನೆಯಲ್ಲಿ ಮಾಡುವ ಕೆಲಸವಂತೂ ಅಲ್ಲ. ಇನ್ನು ಹುಂಜವನ್ನು ಕಾಡಿನಂಚಿನಲ್ಲೋ ರಸ್ತೆಬದಿಯಲ್ಲೋ ಬಿಟ್ಟುಬರುವುದನ್ನು ದಯೆ ಎಂದುಕೊಳ್ಳಬಾರದು. ಮನೆಯಲ್ಲಿ ಬೆಳೆದ ಹಕ್ಕಿ ಅಲ್ಲಿ ಹಸಿವಿನಿಂದಲೋ ಬೇಟೆಪ್ರಾಣಿಯಿಂದಲೋ ಸಾಯುತ್ತದೆ.

ಹುಂಜಗಳನ್ನು ಕಳುಹಿಸಿದ ಮೇಲೆ

ಹಿಂಡಿನಲ್ಲಿ ಸ್ಥಾನಮಾನಗಳು ಮತ್ತೆ ಹೊಂದಿಕೊಳ್ಳಲು ಒಂದೆರಡು ವಾರ ಹಿಡಿಯುತ್ತದೆ. ಇಷ್ಟು ದಿನ ಬಾಲ ತಗ್ಗಿಸಿಕೊಂಡಿದ್ದ ಹುಂಜವೊಂದು ಮೇಲಿನದು ಹೋದ ಕೂಡಲೇ ಬೇರೆಯೇ ಸ್ವಭಾವ ತೋರಿಸಬಹುದು, ಆದ್ದರಿಂದ ಸಾಧ್ಯವಾದರೆ ಎರಡನೆಯ ಆಯ್ಕೆಯ ಹುಂಜವನ್ನು ಈ ಅವಧಿ ಮುಗಿಯುವವರೆಗೆ ಪ್ರತ್ಯೇಕವಾಗಿ ಉಳಿಸಿಕೊಂಡಿರಬೇಕು. ಹೇಂಟೆಗಳ ಬೆನ್ನು ಕೂಡಲೇ ತುಂಬಿಕೊಳ್ಳಲಿಲ್ಲವೆಂದು ಗಾಬರಿಯಾಗಬೇಕಿಲ್ಲ: ಬುಡಸಹಿತ ಕಿತ್ತುಹೋದ ಗರಿ ಕೆಲವು ವಾರಗಳಲ್ಲಿ ಹುಟ್ಟುತ್ತದೆ, ಮುರಿದು ಬುಡ ಉಳಿದಿರುವ ಗರಿ ಮಾತ್ರ ಮುಂದಿನ ಗರಿ ಉದುರುವ ಕಾಲದವರೆಗೆ ಹಾಗೆಯೇ ಇರುತ್ತದೆ.

ಉಳಿಸಿಕೊಂಡ ಹುಂಜದಿಂದಲೇ ಮರಿ ಬೇಕಾದರೆ ಕಾಯಬೇಕು. ಹೇಂಟೆಯ ದೇಹದೊಳಗೆ ಹಿಂದಿನ ಹುಂಜಗಳ ವೀರ್ಯ ಎರಡು ಮೂರು ವಾರ ಜೀವಂತವಾಗಿ ಉಳಿಯುವುದರಿಂದ, ಉಳಿದವುಗಳನ್ನು ಕಳುಹಿಸಿದ ನಾಲ್ಕು ವಾರಗಳ ನಂತರದ ಮೊಟ್ಟೆಗಳನ್ನಷ್ಟೇ ಕಾವಿಗೆ ಇಡಬೇಕು. ಹುಟ್ಟಿದ ದಿನವೇ ಗಂಡು ಹೆಣ್ಣು ಗುರುತಾಗಬೇಕೆನ್ನುವವರಿಗೆ ತಳಿಗಳ ಜೋಡಣೆಯಲ್ಲಿ ಒಂದು ಉಪಾಯವಿದೆ. ಕಪ್ಪು ಬಿಳಿ ಪಟ್ಟೆಯ ಹೇಂಟೆಗೆ ಪಟ್ಟೆಯಿಲ್ಲದ ಕಪ್ಪು ಅಥವಾ ಕೆಂಪು ಹುಂಜವನ್ನು ಜೋಡಿಸಿದರೆ, ಹುಟ್ಟುವ ಗಂಡುಮರಿಗಳ ನೆತ್ತಿಯಲ್ಲಿ ಬಿಳಿಯ ಚುಕ್ಕೆ ಇರುತ್ತದೆ, ಹೆಣ್ಣುಮರಿಗಳಲ್ಲಿ ಇರುವುದಿಲ್ಲ. ಇದರಿಂದ ಹುಂಜಗಳ ಸಂಖ್ಯೆ ಕಡಿಮೆಯಾಗುವುದಿಲ್ಲ, ಆದರೆ ಅವುಗಳಿಗೆ ಜಾಗ ಹುಡುಕಲು ನಾಲ್ಕು ತಿಂಗಳ ಪೂರ್ತಿ ಕಾಲಾವಕಾಶ ಸಿಗುತ್ತದೆ. ಹೆಣ್ಣುಮರಿಗಳನ್ನಷ್ಟೇ ಕೊಂಡುತರುವವರು, ಅವುಗಳ ಜೊತೆ ಹುಟ್ಟಿದ ಗಂಡುಮರಿಗಳನ್ನು ಹೆಚ್ಚಿನ ಮರಿಕೇಂದ್ರಗಳಲ್ಲಿ ಮೊದಲ ದಿನವೇ ಕೊಲ್ಲಲಾಗುತ್ತದೆ ಎಂಬುದನ್ನು ತಿಳಿದಿರಬೇಕು. ಜರ್ಮನಿ 2022ರ ಜನವರಿಯಿಂದ ಇದನ್ನು ನಿಷೇಧಿಸಿದೆ; ಅಲ್ಲಿನ ಹಲವು ಕೇಂದ್ರಗಳು ಮೊಟ್ಟೆಯೊಳಗಿರುವಾಗಲೇ ಲಿಂಗ ಪತ್ತೆ ಮಾಡಿ ಹೆಣ್ಣು ಮೊಟ್ಟೆಗಳನ್ನಷ್ಟೇ ಮರಿ ಮಾಡಿಸುತ್ತವೆ, ಇನ್ನು ಕೆಲವು ಗಂಡುಮರಿಗಳನ್ನೂ ಸಾಕಿ ಬೆಳೆಸುತ್ತವೆ.